ಗೇರು ಗುಡ್ಡೆಯಿಂದ ಟವರಿನ ಬುಡದವರೆಗೆ: ಕಾಸರಗೋಡಿನಲ್ಲಿ ಕೇಂದ್ರದ ಆರೋಗ್ಯ ಮತ್ತು ವಿದ್ಯುತ್ ನೀತಿ

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಗೇರು ಮರಗಳಿರುವುದು ಗುಡ್ಡೆಯ ನೆತ್ತಿಯಲ್ಲಿ, ಮನೆ ಮತ್ತು ಅಡಕೆ ತೋಟಗಳಿರುವುದು ಬುಡದ ಕಣಿವೆಯಲ್ಲಿ. ಕುಡಿಯುವ ನೀರು ಗುಡ್ಡೆಯ ಒಡಲಿಗೆ ಅಡ್ಡಲಾಗಿ ಕೊರೆದ ಸುರಂಗಗಳಿಂದ ಹರಿದು ಬಂದು ಅಂಗಳದ ಪಕ್ಕದ ಮಣ್ಣಿನ ಟ್ಯಾಂಕಿಯಲ್ಲಿ ತೆರೆದಂತೆಯೇ ನಿಲ್ಲುತ್ತದೆ. ಮೇಲೆ ಬಿದ್ದದ್ದೆಲ್ಲ ಕೆಳಗಿಳಿದೇ ಇಳಿಯುವ ಇಂಥ ನೆಲದ ಮೇಲೆ ಕೇರಳ ಸರ್ಕಾರದ ಒಡೆತನದ ಪ್ಲಾಂಟೇಷನ್ ಕಾರ್ಪೊರೇಷನ್ 1970ರ ದಶಕದ ಕೊನೆಯಿಂದ 2000ದವರೆಗೆ, ಟೀ ಸೊಳ್ಳೆಯೆಂಬ ಗೇರು ಕೀಟದ ಹೆಸರಿನಲ್ಲಿ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಜಿಲ್ಲೆಯಲ್ಲಿ ಅದರ ಗೇರು ತೋಟಗಳ ವಿಸ್ತಾರ 4,500 ಹೆಕ್ಟೇರಿಗೂ ಹೆಚ್ಚು.

ಈ ಕಥೆಯನ್ನು ಸಾಮಾನ್ಯವಾಗಿ ಒಂದು ಕೀಟನಾಶಕದ ಕಥೆಯಾಗಿ ಹೇಳಲಾಗುತ್ತದೆ. ಅದು ಕೇಂದ್ರ ಮತ್ತು ರಾಜ್ಯಗಳ ನಡುವಿನ ಅಧಿಕಾರ ಹಂಚಿಕೆಯ ಕಥೆಯೂ ಹೌದು. ಸಂವಿಧಾನದ ಏಳನೇ ಅನುಸೂಚಿಯ ಪ್ರಕಾರ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯ ಪಟ್ಟಿಯ ವಿಷಯ. ವಿದ್ಯುತ್ತು ಸಮವರ್ತಿ ಪಟ್ಟಿಯದು. ಆದರೆ ಆರೋಗ್ಯ ಕೆಡಿಸುವ ವಿಷಕ್ಕೆ ಪರವಾನಗಿ ಕೊಡುವವರು ಬೇರೆ. 1968ರ ಕೀಟನಾಶಕ ಕಾಯ್ದೆ ಕೇಂದ್ರದ್ದು, ನೋಂದಣಿ ಸಮಿತಿ ಇರುವುದು ಫರೀದಾಬಾದಿನಲ್ಲಿ. ಆ ಕಾಯ್ದೆಯ 27ನೇ ಕಲಮಿನಂತೆ ತನ್ನ ನೆಲದಲ್ಲಿ ಜನ ಕಾಯಿಲೆ ಬೀಳುತ್ತಿರುವುದನ್ನು ಕಂಡ ರಾಜ್ಯ ಸರ್ಕಾರ ಒಂದು ಕೀಟನಾಶಕವನ್ನು ತಡೆಹಿಡಿಯಬಹುದಾದದ್ದು 60 ದಿನ, ತನಿಖೆ ಮುಗಿಯದಿದ್ದರೆ ಇನ್ನೊಂದು 30 ದಿನ ಮಾತ್ರ. ಇದೇ ಎಂಡೋಸಲ್ಫಾನನ್ನು ತಯಾರಿಸುತ್ತಿದ್ದವರಲ್ಲಿ ಕೇಂದ್ರ ಸರ್ಕಾರದ ಹಿಂದೂಸ್ಥಾನ್ ಇನ್‌ಸೆಕ್ಟಿಸೈಡ್ಸ್ ಕೂಡ ಒಂದು; ಅದರ ಕಾರ್ಖಾನೆಯಿದ್ದದ್ದು ಕೇರಳದ್ದೇ ಎಲೂರಿನಲ್ಲಿ. ಕೇಂದ್ರದ ಕಂಪನಿ ತಯಾರಿಸುತ್ತಿತ್ತು, ಕೇಂದ್ರದ ಸಮಿತಿ ಒಪ್ಪಿಗೆ ಕೊಟ್ಟಿತ್ತು, ರಾಜ್ಯದ ನಿಗಮ ಸಿಂಪಡಿಸುತ್ತಿತ್ತು. ಕಾಯಿಲೆಯ ಹೊಣೆ ಯಾರದೆಂದು ಕೇಳಿದಾಗ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸಲು ಇದಕ್ಕಿಂತ ಅನುಕೂಲವಾದ ಏರ್ಪಾಡು ಬೇರೊಂದಿರಲಾರದು.

ಕೈಕಾಲು ಸೊಟ್ಟಗಾದ ಕರುಗಳು ಹುಟ್ಟುತ್ತಿರುವ ಬಗ್ಗೆ ಮೊದಲು ಬರೆದವರು ಪಡ್ರೆಯವರೇ ಆದ ಪತ್ರಕರ್ತ ಶ್ರೀ ಪಡ್ರೆ. ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ ಮತ್ತು ಕ್ಯಾನ್ಸರ್ ವಿಪರೀತವಾಗಿರುವುದನ್ನು ಗಮನಿಸಿ ಪತ್ರ ಬರೆಯತೊಡಗಿದರು. ಜಿಲ್ಲೆಯ ದಕ್ಷಿಣದ ಪುಲ್ಲೂರು–ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ತಂದರು. ಹೆಲಿಕಾಪ್ಟರು ನಿಂತದ್ದರ ಹಿಂದೆ ತಿರುವನಂತಪುರಕ್ಕಿಂತಲೂ ದೆಹಲಿಗಿಂತಲೂ ಈ ತಾಲೂಕು ಮಟ್ಟದ ನ್ಯಾಯಾಲಯದ ಪಾಲು ದೊಡ್ಡದು ಎಂದೇ ನನ್ನ ಎಣಿಕೆ.

ಆಮೇಲೆ ನಡೆದದ್ದು ವರದಿಗಳ ಜಗಳ. ಕೇಂದ್ರದ ಆರೋಗ್ಯ ಸಂಶೋಧನಾ ವ್ಯವಸ್ಥೆಗೆ ಸೇರಿದ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ಮಕ್ಕಳನ್ನು ಪರೀಕ್ಷಿಸಿ, ಅವರ ರಕ್ತದಲ್ಲಿ ಎಂಡೋಸಲ್ಫಾನಿನ ಅಂಶವಿದೆಯೆಂದು 2002ರಲ್ಲಿ ವರದಿ ಕೊಟ್ಟಿತು. ಮರುವರ್ಷವೇ ಕೇಂದ್ರ ಕೃಷಿ ಸಚಿವಾಲಯ ನೇಮಿಸಿದ ದುಬೆ ಸಮಿತಿ, ಕಾಯಿಲೆಗೂ ಕೀಟನಾಶಕಕ್ಕೂ ಸಂಬಂಧ ಕಾಣುವುದಿಲ್ಲವೆಂದಿತು. ಒಂದೇ ಸರ್ಕಾರದ ಎರಡು ಬಾಯಿಗಳು ಎರಡು ಮಾತಾಡಿದವು. ತಡವಾಗುವುದಕ್ಕೆ ಅಷ್ಟು ಸಾಕಾಯಿತು. 2011ರ ಏಪ್ರಿಲ್ 25ರಂದು ಮುಖ್ಯಮಂತ್ರಿ ವಿ. ಎಸ್. ಅಚ್ಯುತಾನಂದನ್ ದೇಶವ್ಯಾಪಿ ನಿಷೇಧಕ್ಕಾಗಿ ಉಪವಾಸ ಕೂತರು. ಒಂದು ರಾಜ್ಯದ ಮುಖ್ಯಮಂತ್ರಿಯೇ ಉಪವಾಸ ಕೂರಬೇಕಾಯಿತೆಂದರೆ ರಾಜ್ಯದ ಕೈಯಲ್ಲಿದ್ದ ಅಧಿಕಾರ ಎಷ್ಟೆಂಬುದು ತಿಳಿಯುತ್ತದೆ. ಅದೇ ವಾರ ಜಿನೀವಾದಲ್ಲಿ ಸೇರಿದ್ದ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮೊದಲು ವಿರೋಧಿಸಿದ್ದ ಭಾರತ ಕೆಲವು ಬೆಳೆಗಳಿಗೆ ವಿನಾಯಿತಿ ಪಡೆದು ಒಪ್ಪಿತು. ಮೇ 13ರಂದು ಸುಪ್ರೀಂ ಕೋರ್ಟು ಉತ್ಪಾದನೆ, ಮಾರಾಟ ಮತ್ತು ಬಳಕೆಯನ್ನು ಮಧ್ಯಂತರ ಆದೇಶದ ಮೂಲಕ ತಡೆಯಿತು.

ನಿಷೇಧದ ವಿಷಯದಲ್ಲಿ ದೆಹಲಿ ತಡ ಮಾಡಿತೆಂದರೆ ಪರಿಹಾರದ ವಿಷಯದಲ್ಲಿ ತಿರುವನಂತಪುರ ಹಿಂದೆ ಬೀಳಲಿಲ್ಲ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರ ಜನವರಿ 10ರಂದು ರಾಜ್ಯಕ್ಕೆ ಆದೇಶಿಸಿತು. 2022ರ ಮೇ ತಿಂಗಳಲ್ಲಿ ವಿಷಯ ಮತ್ತೆ ಕೋರ್ಟಿಗೆ ಬಂದಾಗ 3,704 ಸಂತ್ರಸ್ತರ ಪೈಕಿ ಹಣ ಸಿಕ್ಕಿದ್ದು 8 ಮಂದಿಗೆ. ಅವರು ಪುನಃ ಕೋರ್ಟಿನ ಮೆಟ್ಟಿಲೇರಿದವರು.

ಹಣಕ್ಕಿಂತ ದೊಡ್ಡ ಕೊರತೆ ಆಸ್ಪತ್ರೆಯದು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳ ಸೇರಿದ ಕಾಸರಗೋಡು ತಾಲೂಕು 1984ರಲ್ಲಿ ಜಿಲ್ಲೆಯಾಯಿತು. ರಾಜಧಾನಿ 500ಕ್ಕೂ ಹೆಚ್ಚು ಕಿಲೋಮೀಟರ್ ದೂರ. ಮಂಗಳೂರು ಸುಮಾರು 50. ನರರೋಗಕ್ಕೆ, ಡಯಾಲಿಸಿಸ್‌ಗೆ, ಹೆರಿಗೆಯ ತೊಡಕಿಗೆ ಮಂಜೇಶ್ವರದವರೂ ಕುಂಬಳೆಯವರೂ ಗಡಿಯ ತಲಪಾಡಿ ದಾಟಿಯೇ ಹೋಗುತ್ತಾರೆ. ಪ್ಲಾಸ್ಟಿಕ್ ಚೀಲದೊಳಗೆ ಸ್ಕ್ಯಾನಿಂಗ್ ಚಿತ್ರ ಮತ್ತು ರೇಷನ್ ಕಾರ್ಡಿನ ಪ್ರತಿ ಇಟ್ಟುಕೊಂಡು ಬೆಳಗ್ಗಿನ ಮಂಗಳೂರು ಬಸ್ಸು ಹತ್ತುವವರನ್ನು ಈ ದಾರಿಯಲ್ಲಿ ಯಾವ ದಿನವೂ ನೋಡಬಹುದು.

2020ರ ಮಾರ್ಚಿನಲ್ಲಿ ಕೋವಿಡ್ ಭಯದಿಂದ ಕರ್ನಾಟಕ ಆ ದಾರಿಗೆ ಮಣ್ಣು ಸುರಿಯಿತು. ಆಂಬುಲೆನ್ಸುಗಳು ತಲಪಾಡಿಯಿಂದ ಹಿಂತಿರುಗಿದವು. ಚಿಕಿತ್ಸೆ ಸಿಗದೆ ಹಲವರು ಸತ್ತರು. ಆರೋಗ್ಯ ರಾಜ್ಯದ ವಿಷಯ, ಹಾಗಾಗಿ ತನ್ನ ಜನರನ್ನು ಕಾಯುವುದು ತನ್ನ ಕರ್ತವ್ಯವೆಂಬುದು ಕರ್ನಾಟಕದ ವಾದ. ಕೇರಳ ಹೈಕೋರ್ಟು ಏಪ್ರಿಲ್ 1ರಂದು, ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದಾದ್ದರಿಂದ ಅಡ್ಡಿ ತೆಗೆಸುವ ಹೊಣೆಯೂ ಕೇಂದ್ರದ್ದೇ ಎಂದಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲ್ 7ರ ಹೊತ್ತಿಗೆ ರೋಗಿಗಳನ್ನು ದಾಟಿಸುವ ನಿಯಮಾವಳಿಗೆ ಎರಡೂ ರಾಜ್ಯಗಳು ಒಪ್ಪಿದವು. ಕನ್ನಡ ಮಾತಾಡುವ ರೋಗಿಯನ್ನು ಕನ್ನಡದ ರಾಜ್ಯ ಗಡಿಯಲ್ಲಿ ತಡೆದ ಆ ದಿನಗಳನ್ನು ಇಲ್ಲಿಯವರು ಸುಲಭದಲ್ಲಿ ಮರೆತಿಲ್ಲ.

ಬದಿಯಡ್ಕ ಪಂಚಾಯತಿನ ಉಕ್ಕಿನಡ್ಕದಲ್ಲಿ ವೈದ್ಯಕೀಯ ಕಾಲೇಜಿಗೆ ಮುಖ್ಯಮಂತ್ರಿ ಉಮ್ಮನ್ ಚಾಂಡಿ ಶಿಲಾನ್ಯಾಸ ಮಾಡಿದ್ದು 2013ರ ನವೆಂಬರ್ 30ರಂದು. ಆರೂವರೆ ವರ್ಷದ ನಂತರ, ಅದೇ ಕೋವಿಡ್ ಕಾಲದಲ್ಲಿ, ಪಾಠದ ಕಟ್ಟಡವನ್ನು ತರಾತುರಿಯಿಂದ ಕೋವಿಡ್ ಆಸ್ಪತ್ರೆ ಮಾಡಲಾಯಿತು. 50 ಎಂಬಿಬಿಎಸ್ ಸೀಟುಗಳಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಅನುಮತಿ ಕೊಟ್ಟದ್ದು 2025ರಲ್ಲಿ. ಕಟ್ಟುವುದು ರಾಜ್ಯ, ಅನುಮತಿ ಕೇಂದ್ರದ್ದು. ನಡುವೆ ಹನ್ನೆರಡು ವರ್ಷ. ಏಮ್ಸ್ ವಿಷಯದಲ್ಲಿ ಇದೇ ತಿರುಗುಮುರುಗಾಗಿದೆ. ಕಟ್ಟಬೇಕಾದದ್ದು ಕೇಂದ್ರ, ಜಾಗ ಸೂಚಿಸಬೇಕಾದದ್ದು ರಾಜ್ಯ. ರಾಜ್ಯ ಸೂಚಿಸಿದ್ದು ಕೋಯಿಕ್ಕೋಡಿನ ಕಿನಾಲೂರನ್ನು. ಕಾಸರಗೋಡಿನ ಹೆಸರೂ ಸೇರಬೇಕೆಂದು 2022ರ ಅಕ್ಟೋಬರಿನಲ್ಲಿ ಸಾಮಾಜಿಕ ಕಾರ್ಯಕರ್ತೆ ದಯಾಬಾಯಿ ಸೆಕ್ರೆಟೇರಿಯಟ್ಟಿನ ಎದುರು ಎರಡು ವಾರಕ್ಕೂ ಹೆಚ್ಚು ಕಾಲ ಉಪವಾಸ ಮಾಡಿದರು.

ಇದರ ನಡುವೆ ಹೆಸರಿನ ಜಗಳವೊಂದು ನಡೆದುಹೋಯಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ‘ಆಯುಷ್ಮಾನ್ ಆರೋಗ್ಯ ಮಂದಿರ’ ಎಂಬ ಫಲಕ ಹಾಕಬೇಕೆಂದು ಕೇಂದ್ರ 2023ರಲ್ಲಿ ಹೇಳಿತು. 60:40ರ ಅನುಪಾತದಲ್ಲಿ ಬರುವ ರಾಷ್ಟ್ರೀಯ ಆರೋಗ್ಯ ಅಭಿಯಾನದ ಹಣ ಅದರಲ್ಲಿ ಸಿಕ್ಕಿಕೊಂಡಿತು. ಮೊದಲು ಒಲ್ಲೆನೆಂದ ಕೇರಳ, 2024ರಲ್ಲಿ ತನ್ನ ಹಳೆಯ ಹೆಸರಿನ ಜೊತೆಗೆ ಅದನ್ನೂ ಸೇರಿಸಲು ಒಪ್ಪಿತು. ಫಲಕದಲ್ಲಿ ಕನ್ನಡವೂ ಇರಲಿ ಎಂದು ಗಡಿನಾಡಿನವರು ದಶಕಗಳಿಂದ ಕೇಳುತ್ತ ಬಂದಿರುವುದು ಬೇರೆ ಮಾತು.

ವಿದ್ಯುತ್ತಿನಲ್ಲಿ ಕೇಂದ್ರದ ಕೈ ಇನ್ನೂ ನೇರ. ಕೇರಳ ಬಳಸುವ ವಿದ್ಯುತ್ತಿನಲ್ಲಿ ಸುಮಾರು ಶೇ. 70ರಷ್ಟು ಹೊರಗಿನಿಂದ ಬರುತ್ತದೆ. ಮಳೆ ಕೈಕೊಟ್ಟ ವರ್ಷ ಜಲಾಶಯಗಳೂ ಕೈಕೊಡುತ್ತವೆ. ಚೀಮೇನಿಯಲ್ಲಿ ಉಷ್ಣ ವಿದ್ಯುತ್ ಸ್ಥಾವರ ಕಟ್ಟುವ ಯೋಜನೆ ಜನರ ವಿರೋಧದಿಂದ ಮೂಲೆಗೆ ಸೇರಿತು. ಉಳಿದದ್ದು ಬಿಸಿಲು. ಪೈವಳಿಕೆ, ಮೀಂಜ ಮತ್ತು ಚಿಪ್ಪಾರು ಗ್ರಾಮಗಳ ಸುಮಾರು 250 ಎಕರೆ ಪಾರೆಯ ಮೇಲೆ, ಭಾಗೀರಥಿ ನದಿಯ ತೆಹ್ರಿ ಅಣೆಕಟ್ಟಿನಿಂದ ಹೆಸರು ಪಡೆದ ಕೇಂದ್ರದ ಟಿಎಚ್‌ಡಿಸಿ ಕಂಪನಿ, ರಾಷ್ಟ್ರೀಯ ಸೌರ ಅಭಿಯಾನದಡಿ 50 ಮೆಗಾವಾಟಿನ ಸೌರ ಘಟಕ ಕಟ್ಟಿತು. 2021ರ ಫೆಬ್ರವರಿ 19ರಂದು ಪ್ರಧಾನಿ ಅದನ್ನು ವಿಡಿಯೋ ಮೂಲಕ ಉದ್ಘಾಟಿಸಿದರು. ಮಳೆಗಾಲದಲ್ಲಿ ದನ ಮೇಯುತ್ತಿದ್ದ ಮುರಕಲ್ಲಿನ ಪಾರೆ ಈಗ ಬೇಲಿಯೊಳಗಿದೆ.

ಸೌರ ಘಟಕಕ್ಕೆ ಜಾಗ ಬಿಡುವುದು ಒಂದು, ಲೈನಿಗೆ ಬಿಡುವುದು ಇನ್ನೊಂದು. ಉಡುಪಿ ಜಿಲ್ಲೆಯ ನಂದಿಕೂರಿನಿಂದ ಕಾಸರಗೋಡಿನ ಕರಿಂದಳಂವರೆಗಿನ 400 ಕೆವಿ ಲೈನು ಅಂತರರಾಜ್ಯ ಪ್ರಸರಣದ ಯೋಜನೆ. ಟೆಂಡರ್ ಮೂಲಕ ಖಾಸಗಿ ಕಂಪನಿಗೆ ಸಿಕ್ಕಿದ್ದು. 2003ರ ವಿದ್ಯುತ್ ಕಾಯ್ದೆಯ 164ನೇ ಕಲಮು ಇಂಥ ಕಂಪನಿಗೆ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರವನ್ನು ವಹಿಸಿಕೊಡಲು ಅವಕಾಶ ನೀಡುತ್ತದೆ. ತಂತಿ ಸಂದೇಶದ ಸಣ್ಣ ಕಂಬ ನೆಡಲು ಬ್ರಿಟಿಷರು ಬರೆದ ಕಾನೂನು ಅದು. ಭೂಸ್ವಾಧೀನವಿಲ್ಲ; ಜಾಗ ಒಡೆಯನ ಹೆಸರಿನಲ್ಲೇ ಉಳಿಯುತ್ತದೆ, ತೀರ್ವೆ ಅವನೇ ಕಟ್ಟುತ್ತಾನೆ. ಆದರೆ ತಂತಿಯ ಕೆಳಗೆ 46 ಮೀಟರ್ ಅಗಲದಲ್ಲಿ ಎತ್ತರದ ಮರ ಇರುವಂತಿಲ್ಲ. ಗದ್ದೆಯವನು ತಂತಿಯ ಅಡಿಯಲ್ಲೂ ಉಳಬಹುದು. ಅಡಕೆ ತೋಟದವನಿಗೆ ಆ ಪಟ್ಟಿ ತೋಟವಾಗಿ ಉಳಿಯುವುದಿಲ್ಲ.

ಕೇಂದ್ರ ವಿದ್ಯುತ್ ಸಚಿವಾಲಯ 2015ರಲ್ಲಿ ಟವರಿನ ಬುಡಕ್ಕೆ ಜಾಗದ ಬೆಲೆಯ ಶೇ. 85, ತಂತಿಯ ಅಡಿಯ ಪಟ್ಟಿಗೆ ಹೆಚ್ಚೆಂದರೆ ಶೇ. 15 ಪರಿಹಾರವೆಂದು ಮಾರ್ಗಸೂಚಿ ಬರೆಯಿತು. 2024ರ ಜೂನಿನಲ್ಲಿ ಅದು ಕ್ರಮವಾಗಿ ಶೇ. 200 ಮತ್ತು ಶೇ. 30 ಆಯಿತು. ಕೇಳಲು ದೊಡ್ಡ ಏರಿಕೆ. ಆದರೆ ಇದು ಮಾರ್ಗಸೂಚಿ ಮಾತ್ರ, ಒಪ್ಪಿ ಜಾರಿಗೆ ತರಬೇಕಾದದ್ದು ಆಯಾ ರಾಜ್ಯ. ಟವರಿನ ಬುಡ ಇರುವುದು ಕೆಲವೇ ಸೆಂಟ್ಸ್ ಜಾಗದಲ್ಲಿ. ತೋಟ ಹೋಗುವುದು ಶೇ. 30ರ ಪಟ್ಟಿಯಲ್ಲಿ. ಅಧಿಕಾರಿಗಳು ಮರ ಎಣಿಸುವ ದಿನ ಕೃಷಿಕ ಪುಸ್ತಕ ಹಿಡಿದು ಹಿಂದೆ ನಡೆಯುತ್ತಾನೆ, ಗುರುತು ಬಿದ್ದ ಒಂದೊಂದು ಮರಕ್ಕೂ ಗೆರೆ ಹಾಕುತ್ತಾನೆ. ಅಡಕೆ ಗಿಡ ಫಲ ಕೊಡಲು ಐದಾರು ವರ್ಷ ಬೇಕು. ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿಯನ್ನು ಯಾವ ಲೆಕ್ಕಕ್ಕೆ ಸೇರಿಸುವುದೆಂಬ ಚರ್ಚೆ ಅಲ್ಲೇ ತೋಟದ ಕಟ್ಟೆಯಲ್ಲಿ ಕೂತು ನಡೆಯುತ್ತದೆ.