ಸ್ಟಾಂಪ್ ಇದೆ ಸರಿ, ಕಾಗದ ಹೊತ್ತವರು ಯಾರು?

ಹಳೇ ಸ್ಟಾಂಪು, ಕವರು, ಛಾಪಾ ಕಾಗದ ನೋಡಿ ಬೆಲೆ ಕಟ್ಟುವುದು ನನ್ನ ಕಸುಬು. ಇರುವುದು ಕೋಲಾರದಲ್ಲಿ. ಕೆ.ಜಿ.ಎಫ್., ಮುಳಬಾಗಿಲು, ಚಿಂತಾಮಣಿ ಕಡೆಯಿಂದಲೂ ಜನ ಆಲ್ಬಂ ಹಿಡಿದು ಬರುತ್ತಾರೆ. ಸರ್ಕಾರಿ ಸ್ಟಾಂಪ್ ಆದರೆ ಕೆಲಸ ಸುಲಭ. ಕ್ಯಾಟಲಾಗ್ ಇದೆ, ಅದರಲ್ಲಿ ನಂಬರ್ ಇದೆ. ಅಂಚಿನ ಹಲ್ಲು ಮುರಿದಿದೆಯಾ, ಹಿಂದೆ ಗೋಂದು ಉಳಿದಿದೆಯಾ ಅಂತ ನೋಡಿದರೆ ಮುಕ್ಕಾಲು ಉತ್ತರ ಸಿಕ್ಕಿಬಿಡುತ್ತದೆ. ತಲೆ ಕೆರೆದುಕೊಳ್ಳಬೇಕಾದ್ದು ಯಾವ ದೇಶದ ಪುಟದಲ್ಲೂ ಕೂರದ ಸ್ಟಾಂಪ್ ಸಿಕ್ಕಾಗ. ಅದರ ಮೇಲೆ ಒಂದು ಕಂಪನಿಯ ಹೆಸರೋ, ಒಂದು ದ್ವೀಪದ ಹೆಸರೋ, ಎಲ್ಲೂ ಕೇಳದ ಊರಿನ ಲಾಂಛನವೋ ಇರುತ್ತದೆ. ಇವು ಖಾಸಗಿ ಅಂಚೆಯ, ಇಲ್ಲವೇ ಒಂದೇ ಊರಿಗೆ, ಒಂದೇ ಜಿಲ್ಲೆಗೆ ಸೀಮಿತವಾದ ಸ್ಥಳೀಯ ಅಂಚೆಯ ಚೀಟಿಗಳು.

ತಂದವರು "ಎಷ್ಟು ಬರುತ್ತೆ ಸಾರ್?" ಅಂತ ಕೇಳುತ್ತಾರೆ. ನಾನು ನೋಡುವುದು ಬೇರೆ. ಈ ಚೀಟಿ ಅಂಟಿಸಿದ ಕಾಗದವನ್ನು ಯಾರಾದರೂ ನಿಜವಾಗಿ ಹೊತ್ತುಕೊಂಡು ಹೋದರಾ? ಎಲ್ಲಿಂದ ಎಲ್ಲಿಗೆ? ಆಮೇಲೆ ಯಾರ ಕೈಗೆ ಕೊಟ್ಟರು? ಇದಕ್ಕೆ ಉತ್ತರ ಇದ್ದರೆ ಅದು ಅಂಚೆ ಚೀಟಿ. ಇಲ್ಲದಿದ್ದರೆ ಬಣ್ಣದ ಕಾಗದದ ತುಂಡು, ಅಷ್ಟೆ.

ಕೆ.ಜಿ.ಎಫ್.ನ ಆಲ್ಬಂಗಳಲ್ಲಿ ಇಂಥವು ಜಾಸ್ತಿ. ಗಣಿಯಲ್ಲಿ ಕೆಲಸ ಮಾಡಿದ ಎಷ್ಟೋ ಆಂಗ್ಲೋ-ಇಂಡಿಯನ್ ಕುಟುಂಬಗಳ ಅರ್ಧ ಬಳಗ ಇಂಗ್ಲೆಂಡಿಗೋ ಆಸ್ಟ್ರೇಲಿಯಾಕ್ಕೋ ಹೋಗಿ ನೆಲೆಸಿತು. ಇಲ್ಲಿ ಉಳಿದವರಿಗೆ ಅಲ್ಲಿಂದ ಕಾಗದ ಬರುತ್ತಿತ್ತು. ಉರಿಗಾಂನ ಒಬ್ಬ ಆಂಟಿ ತಂದ ಶೂ ಡಬ್ಬದಲ್ಲಿ ಒಂದು ಕವರ್ ಇತ್ತು. ವಿಳಾಸ ಕೆ.ಜಿ.ಎಫ್.ನದೇ ಚಾಂಪಿಯನ್ ರೀಫ್ಸ್‌ನದು, ನೀಲಿ ಶಾಯಿಯ ಓರೆ ಅಕ್ಷರ. ಬಲಗಡೆ ಬೆಲ್ಜಿಯಂನ ಸ್ಟಾಂಪು, ಅದರ ಮೇಲೆ ಬ್ರಸೆಲ್ಸ್‌ನ ಮುದ್ರೆ, 1971ರ ಫೆಬ್ರವರಿ. ಎಡಗಡೆ ಬೇರೆ ಏನೋ ಒಂದು ಲೇಬಲ್, ಒರಟು ಮುದ್ರಣ, ಬೆಲೆ ಶಿಲ್ಲಿಂಗ್‌ನಲ್ಲಿ. ಕಳಿಸಿದವರ ವಿಳಾಸ ಮಾತ್ರ ಲಂಡನ್.

"ಇದ್ಯಾವುದೋ ಕ್ರಿಸ್‌ಮಸ್ ಲೇಬಲ್ ಇರಬೇಕು, ಕಿತ್ತುಬಿಡ್ಲಾ? ಆ ಕಡೆ ಸ್ಟಾಂಪ್ ಚೆನ್ನಾಗಿದೆ," ಅಂದರು.

"ದಯವಿಟ್ಟು ಕೈ ಹಚ್ಚಬೇಡಿ ಆಂಟಿ. ಬೆಲೆ ಇರೋದೇ ಆ ಲೇಬಲ್‌ಗೆ."

ಆದದ್ದು ಇಷ್ಟು. 1971ರ ಜನವರಿ 20ರಂದು ಬ್ರಿಟನ್ನಿನ ಅಂಚೆ ನೌಕರರು ಸಂಬಳ ಹೆಚ್ಚಿಸಿ ಅಂತ ಮುಷ್ಕರ ಹೂಡಿದರು. ಮಾರ್ಚ್ ಮೊದಲ ವಾರ ದಾಟುವವರೆಗೆ ಕಾಗದದ ಬಟವಾಡೆ ನಿಂತುಹೋಯಿತು. ಕಾಗದ ಹೊರುವ ಹಕ್ಕು ಅಂಚೆ ಇಲಾಖೆಗೆ ಮಾತ್ರ ಎಂಬ ನಿಯಮವನ್ನು ಸರ್ಕಾರ ಅಷ್ಟು ದಿನಕ್ಕೆ ಸಡಿಲಿಸಿತು. ಪರವಾನಗಿ ಪಡೆದು ಯಾರು ಬೇಕಾದರೂ ಅಂಚೆ ನಡೆಸಬಹುದು ಅಂತಾಯಿತು. ಕಾರ್ ಇದ್ದವರು, ಬೈಕ್ ಇದ್ದವರು, ಸ್ಟಾಂಪ್ ವ್ಯಾಪಾರಿಗಳು ಎಲ್ಲರೂ ಇಳಿದರು. ಕೆಲವರು ಊರೊಳಗೆ ಹಂಚಿದರು. ಕೆಲವರು ಹೊರದೇಶದ ಕಾಗದಗಳನ್ನು ಕಟ್ಟು ಕಟ್ಟಿ ಕಡಲು ದಾಟಿಸಿ, ಯುರೋಪಿನ ಊರುಗಳಲ್ಲಿ ಅಲ್ಲಿನ ಸ್ಟಾಂಪ್ ಹಚ್ಚಿ ಡಬ್ಬಕ್ಕೆ ಹಾಕಿದರು. ಆ ಕವರ್ ಬ್ರಸೆಲ್ಸ್ ಸುತ್ತಿಕೊಂಡು ಚಾಂಪಿಯನ್ ರೀಫ್ಸ್‌ಗೆ ಬಂದದ್ದು ಹಾಗೆ. ಎಡಗಡೆಯ ಲೇಬಲ್ ಅಂಥ ಒಂದು ಖಾಸಗಿ ಅಂಚೆಯ ಚೀಟಿ.

ಇನ್ನೊಂದು ಮಜಾ ಇದೆ. ಅದೇ ಮುಷ್ಕರದ ನಡುವೆ, ಫೆಬ್ರವರಿ 15ಕ್ಕೆ, ಬ್ರಿಟನ್ ತನ್ನ ದುಡ್ಡಿನ ಲೆಕ್ಕವನ್ನೇ ಬದಲಾಯಿಸಿತು. ಒಂದು ಪೌಂಡಿಗೆ 240 ಪೆನ್ನಿ ಇದ್ದದ್ದು 100 ಆಯಿತು, ನಡುವಿನ ಶಿಲ್ಲಿಂಗ್ ಲೆಕ್ಕ ಹೋಯಿತು. ಹಾಗಾಗಿ ಮುಷ್ಕರದ ಮೊದಲ ದಿನಗಳ ಚೀಟಿಗಳಲ್ಲಿ ಶಿಲ್ಲಿಂಗ್ ಇರುತ್ತದೆ, ಆಮೇಲಿನವುಗಳಲ್ಲಿ ಹೊಸ ಪೆನ್ಸ್. ಬೆಲೆ ಶಿಲ್ಲಿಂಗ್‌ನಲ್ಲಿದ್ದು ಮುದ್ರೆಯ ತಾರೀಕು ಮಾರ್ಚ್‌ನದಾಗಿದ್ದರೆ ನಾನು ಸ್ವಲ್ಪ ಹುಷಾರಾಗುತ್ತೇನೆ.

ಆ ಲೇಬಲ್ ಬಿಡಿಯಾಗಿ ಸಿಕ್ಕರೆ ಹೆಚ್ಚಿನದೇನೂ ಬರುವುದಿಲ್ಲ. ಆ ವಾರಗಳಲ್ಲಿ ಕಾಗದ ಸಾಗಿಸುವುದಕ್ಕಿಂತ ಸಂಗ್ರಹಕಾರರಿಗೆ ಮಾರುವುದಕ್ಕೇ ಅಚ್ಚು ಹಾಕಿಸಿದವರೂ ಇದ್ದರು. ಆದರೆ ಎರಡು ಸ್ಟಾಂಪು, ಎರಡು ಮುದ್ರೆ, ಹಿಂದುಗಡೆ ಚಾಂಪಿಯನ್ ರೀಫ್ಸ್‌ನ ಬಟವಾಡೆ ಮುದ್ರೆ, ಇವೆಲ್ಲ ಇರುವ ಇಡೀ ಕವರ್ ಬೇರೆಯೇ ಮಾತು. ದಾರಿಯಷ್ಟೂ ಅದರ ಮೇಲೆ ಬರೆದಿದೆ.

ಖಾಸಗಿ ಅಂಚೆ ಹೊಸ ಸಂಗತಿಯೇನಲ್ಲ. ಅಂಟಿಸುವ ಸ್ಟಾಂಪ್ ಹುಟ್ಟಿದ್ದು 1840ರಲ್ಲಿ. ಅದಕ್ಕೂ 160 ವರ್ಷ ಮೊದಲೇ, 1680ರಲ್ಲಿ, ವಿಲಿಯಂ ಡಾಕ್ರಾ ಎಂಬ ವ್ಯಾಪಾರಿ ಲಂಡನ್ನಿನಲ್ಲಿ ಒಂದು ಪೆನ್ನಿಗೆ ಕಾಗದ ತಲುಪಿಸುತ್ತಿದ್ದ. ಹಣ ಕಟ್ಟಿದ್ದಕ್ಕೆ ಗುರುತಾಗಿ ಮುಕ್ಕೋನದ ಶಾಯಿ ಮುದ್ರೆ ಒತ್ತುತ್ತಿದ್ದ. ಚೆನ್ನಾಗಿ ನಡೆಯುತ್ತಿದೆ ಅಂತ ಗೊತ್ತಾಗುತ್ತಲೇ 1682ರಲ್ಲಿ ಸರ್ಕಾರ ಅದನ್ನು ಮುಚ್ಚಿಸಿ ತಾನೇ ನಡೆಸತೊಡಗಿತು. ಈ ಕತೆ ಬೇರೆ ದೇಶಗಳಲ್ಲೂ ಮರುಕಳಿಸುತ್ತದೆ. ಅಮೆರಿಕದ ಮೊದಲ ಅಂಟಿಸುವ ಸ್ಟಾಂಪ್ ಸರ್ಕಾರದ್ದಲ್ಲ. 1842ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನ ಸಿಟಿ ಡಿಸ್ಪ್ಯಾಚ್ ಪೋಸ್ಟ್ ಎಂಬ ಖಾಸಗಿ ಸಂಸ್ಥೆ ವಾಷಿಂಗ್ಟನ್ ಚಿತ್ರದ ಮೂರು ಸೆಂಟಿನ ಚೀಟಿ ತಂದಿತು. ಅದೇ ವರ್ಷ ಆಗಸ್ಟ್‌ನಲ್ಲಿ ಸರ್ಕಾರ ಅದನ್ನು ಕೊಂಡುಕೊಂಡಿತು. ಜರ್ಮನಿಯ ಊರೂರಲ್ಲಿದ್ದ ಖಾಸಗಿ ಅಂಚೆಗಳಿಗೆ 1900ರಲ್ಲಿ ಕಾನೂನಿನಿಂದಲೇ ಬೀಗ ಬಿತ್ತು.

ನನಗೆ ಇಷ್ಟವಾದದ್ದು ರಷ್ಯಾದ ಜೆಮ್‌ಸ್ತ್ವೋ ಚೀಟಿಗಳು. ಅಲ್ಲಿ ಸಾಮ್ರಾಜ್ಯದ ಅಂಚೆ ದೊಡ್ಡ ಊರಿನವರೆಗೆ ಮಾತ್ರ ಬರುತ್ತಿತ್ತು. ಅಲ್ಲಿಂದ ಹಳ್ಳಿಗೆ ಏನೂ ಇಲ್ಲ. ಜೆಮ್‌ಸ್ತ್ವೋ ಅಂದರೆ ಸ್ಥಳೀಯ ಆಡಳಿತ ಮಂಡಳಿ. ನಮ್ಮ ಹಳೇ ತಾಲ್ಲೂಕು ಬೋರ್ಡ್ ಅಂದುಕೊಳ್ಳಿ. ಅವರೇ ಕುದುರೆ, ಆಳು ಇಟ್ಟು ಹಳ್ಳಿಯ ಕಾಗದವನ್ನು ಪಟ್ಟಣಕ್ಕೆ ತಂದು ಸರ್ಕಾರಿ ಅಂಚೆಗೆ ಒಪ್ಪಿಸುತ್ತಿದ್ದರು. 1865ರಿಂದ 1917ರ ಕ್ರಾಂತಿಯ ಕಾಲದವರೆಗೆ ಇದು ನಡೆಯಿತು. ಒಂದೊಂದು ಜಿಲ್ಲೆಗೂ ತನ್ನದೇ ಚೀಟಿ, ತನ್ನದೇ ಲಾಂಛನ. ಕರಡಿ, ಮೀನು, ಜೇನುಗೂಡು. ಇಲ್ಲೂ ದೂರ ಹೋಗುವ ಕಾಗದಕ್ಕೆ ಎರಡು ಸ್ಟಾಂಪು: ಹಳ್ಳಿಯ ಪಾಲಿಗೊಂದು, ಸರ್ಕಾರದ ಪಾಲಿಗೊಂದು.

ನ್ಯೂಜಿಲೆಂಡಿನ ಗ್ರೇಟ್ ಬ್ಯಾರಿಯರ್ ದ್ವೀಪದಲ್ಲಿ ಕಾಗದ ಹೊತ್ತದ್ದು ಪಾರಿವಾಳಗಳು. 1898ರಲ್ಲಿ ಅವಕ್ಕಾಗಿಯೇ ಸ್ಟಾಂಪ್ ಬಂತು. 1908ರಲ್ಲಿ ಟೆಲಿಗ್ರಾಫ್ ಕೇಬಲ್ ಬಂದ ಮೇಲೆ ಪಾರಿವಾಳಗಳಿಗೆ ಕೆಲಸ ಹೋಯಿತು.

ಲಂಡಿ ದ್ವೀಪದ ಚೀಟಿಗಳು ನಮ್ಮ ಕಡೆಯ ಆಲ್ಬಂಗಳಲ್ಲೂ ಆಗಾಗ ಸಿಗುತ್ತವೆ. ದಪ್ಪ ಕೊಕ್ಕಿನ ಪಫಿನ್ ಹಕ್ಕಿಯ ಚಿತ್ರ, ಬೆಲೆಯೂ ಪಫಿನ್ ಲೆಕ್ಕದಲ್ಲೇ. ಇಂಗ್ಲೆಂಡಿನ ಪಶ್ಚಿಮಕ್ಕೆ ಬ್ರಿಸ್ಟಲ್ ಕಡಲ್ಗಾಲುವೆಯಲ್ಲಿರುವ ಪುಟ್ಟ ದ್ವೀಪ ಅದು. 1927ರ ಕೊನೆಗೆ ಸರ್ಕಾರಿ ಅಂಚೆ ಅಲ್ಲಿಂದ ಕೈ ತೊಳೆದುಕೊಂಡಿತು. ದ್ವೀಪದ ಮಾಲೀಕ ಮಾರ್ಟಿನ್ ಕೋಲ್ಸ್ ಹಾರ್ಮನ್ ಮೊದಲು ಪುಕ್ಕಟೆಯಾಗಿ ಕಾಗದ ಸಾಗಿಸಿದ. 1929ರಲ್ಲಿ ಖರ್ಚಿಗಾಗಿ ಸ್ಟಾಂಪ್ ತಂದ. ನಾಣ್ಯವನ್ನೂ ಟಂಕಿಸಿ ಕೋರ್ಟ್ ಕಟ್ಟೆ ಹತ್ತಿದ, ದಂಡವನ್ನೂ ಕಟ್ಟಿದ. ನಾಣ್ಯ ನಿಂತಿತು, ಸ್ಟಾಂಪ್ ಈಗಲೂ ಇದೆ.

ಲಂಡಿಯನ್ನು ನೋಡಿ ಆಸೆ ಪಟ್ಟವರು ಬಹಳ. ಜನವೇ ವಾಸವಿಲ್ಲದ ಸ್ಕಾಟ್ಲೆಂಡಿನ ಸ್ಟಾಫಾದಂಥ ದ್ವೀಪಗಳ ಹೆಸರಲ್ಲಿ 1970ರ ದಶಕದಲ್ಲಿ ರಾಶಿ ರಾಶಿ ಚೀಟಿ ಅಚ್ಚಾಯಿತು. ಹಕ್ಕಿ, ಕಾರು, ಬೆಕ್ಕು, ಬಾಹ್ಯಾಕಾಶ. ಮಕ್ಕಳ ಕಣ್ಣು ಹೋಗುವುದೇ ಇವುಗಳ ಮೇಲೆ. ಮನುಷ್ಯರೇ ಇಲ್ಲದ ಕಡೆ ಕಾಗದ ಬರೆದವರು ಯಾರು, ಓದಿದವರು ಯಾರು? ಸುಮ್ನೆ ಚೆನ್ನಾಗಿದೆ ಅಂತ ಇಟ್ಟುಕೊಳ್ಳಿ, ಬೇಡ ಅನ್ನುವುದಿಲ್ಲ. ದುಡ್ಡು ಬರುತ್ತದೆ ಅಂತ ಮಾತ್ರ ಇಟ್ಟುಕೊಳ್ಳಬೇಡಿ.

ಇಂಥದ್ದನ್ನು ಹಿಡಿಯಲು ದೊಡ್ಡ ಸಲಕರಣೆ ಬೇಕಿಲ್ಲ. ಚಿಮುಟದಲ್ಲಿ ಎತ್ತಿ ಹಿಂದೆ ತಿರುಗಿಸಿ. ಮುಂದೆ ಅಚ್ಚುಕಟ್ಟಾಗಿ ಮೂಲೆಗೆ ಬಿದ್ದ ಮುದ್ರೆ, ಹಿಂದೆ ನಾಲಿಗೆ ತಾಗದ ಪೂರ್ತಿ ಗೋಂದು. ಅಂದರೆ ಅದು ಕಾಗದದ ಮೇಲೆ ಕೂರಲೇ ಇಲ್ಲ. ಹಾಳೆಯಲ್ಲಿದ್ದಾಗಲೇ ಮುದ್ರೆ ಒತ್ತಿಸಿಕೊಂಡು ಪ್ಯಾಕೆಟ್ಟಿಗೆ ಹೋಯಿತು. ಕವರ್ ಮೇಲಿದ್ದರೆ ಮುದ್ರೆಯ ಗೆರೆ ಚೀಟಿಯನ್ನು ದಾಟಿ ಕವರಿನ ಮೇಲೂ ಹರಿದಿದೆಯಾ ನೋಡಿ. ಚೀಟಿಯ ಅಂಚಿನಲ್ಲೇ ಗೆರೆ ತುಂಡಾಗಿದ್ದರೆ ಯಾರೋ ಆಮೇಲೆ ಅಂಟಿಸಿದ್ದಾರೆ. 19ನೇ ಶತಮಾನದ್ದು ಅಂತ ಹೇಳಿ ಕೊಟ್ಟದ್ದನ್ನು ಕತ್ತಲೆಯಲ್ಲಿ ಯು.ವಿ. ಟಾರ್ಚ್ ಕೆಳಗೆ ಹಿಡಿಯಿರಿ. ಕಾಗದ ಬಿಳಿನೀಲಿಯಾಗಿ ಹೊಳೆದರೆ ಅದು ಎರಡನೇ ಮಹಾಯುದ್ಧದ ನಂತರದ ಕಾಗದ, ಹೊಳಪಿನ ರಾಸಾಯನಿಕ ಸೇರಿಸಿದ್ದು. ಹೊಳೆಯದಿದ್ದರೆ ಅಸಲಿ ಅಂತಲೂ ಅಲ್ಲ. ಅಮೆರಿಕದ ಸ್ಥಳೀಯ ಅಂಚೆಗಳ ನಕಲುಗಳು 1860ರ ದಶಕದಲ್ಲೇ ತಯಾರಾದವು. ನ್ಯೂಯಾರ್ಕ್‌ನ ಜಾರ್ಜ್ ಹಸಿ ತಾನೇ ಒಂದು ಅಸಲಿ ಅಂಚೆ ನಡೆಸುತ್ತಿದ್ದವ. ಅವನೇ ಬೇರೆ ಅಂಚೆಗಳ ಚೀಟಿಗಳನ್ನು ಮರು ಅಚ್ಚು ಹಾಕಿಸಿ ಸಂಗ್ರಹಕಾರರಿಗೆ ಮಾರಿದ. ನಕಲಿಗೂ ಈಗ 150 ವರ್ಷದ ಮೇಲಾಗಿದೆ!

ಇನ್ನು ನಮ್ಮದೇ ಕಡೆಗೆ ಬರೋಣ. "ಮೈಸೂರು ಅಂಚೆಯ ಸ್ಟಾಂಪ್ ಸಾರ್, ಅಜ್ಜನ ಪೆಟ್ಟಿಗೆಯಲ್ಲಿತ್ತು," ಅಂತ ಮಹಾರಾಜರ ಚಿತ್ರ, ಗಂಡಭೇರುಂಡ ಇರುವ ಚೀಟಿ ತರುತ್ತಾರೆ. ಅದು ಕೋರ್ಟ್ ಫೀ ಸ್ಟಾಂಪು. ಜಮೀನಿನ ವ್ಯಾಜ್ಯದ ಅರ್ಜಿಗೆ ಹಚ್ಚಿದ್ದು. ಅಂಚೆಗೂ ಅದಕ್ಕೂ ಸಂಬಂಧವಿಲ್ಲ. ಚಿಕ್ಕದೇವರಾಜ ಒಡೆಯರು 1672ರಲ್ಲಿ ಶುರು ಮಾಡಿದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋಯಿತು. ಇನ್ನೂರು ವರ್ಷದ ಮೇಲೆ ಓಲೆ ಹೊತ್ತ ಆ ಅಂಚೆ, ಅಂಟಿಸುವ ಸ್ಟಾಂಪ್ ಹೊರಡಿಸಲೇ ಇಲ್ಲ. ಅದರ ಗುರುತು ಇರುವುದು ಶಾಯಿ ಮುದ್ರೆಯಲ್ಲಿ. ಹಾಗಾಗಿ ಅಜ್ಜನ ಪೆಟ್ಟಿಗೆಯಲ್ಲಿ ಹುಡುಕಬೇಕಾದ್ದು ಮಡಿಚಿದ ಹಳೇ ಕಾಗದಗಳನ್ನು, ಅದರ ಹೊರಮೈಯಲ್ಲಿ ಮಾಸಿದ ಮುದ್ರೆಯನ್ನು. ಸ್ಟಾಂಪ್ ಇಲ್ಲ ಅಂತ ಜನ ಒಲೆಗೆ ಹಾಕುವುದು ಅದನ್ನೇ.

ನೆರೆಯ ಹೈದರಾಬಾದ್ ನಿಜಾಮರು 1869ರಿಂದ ಸ್ಟಾಂಪ್ ತಂದರು. ರಾಯಚೂರು, ಬೀದರ್, ಕಲಬುರ್ಗಿಯ ಜನ ಅದನ್ನೇ ಹಚ್ಚುತ್ತಿದ್ದರು. ತಿರುವಾಂಕೂರಿನ ಶಂಖದ ಸ್ಟಾಂಪ್ ಬಂದದ್ದು 1888ರಲ್ಲಿ, ಮೈಸೂರು ಅಂಚೆ ಮುಗಿಯುವುದಕ್ಕೆ ಒಂದು ವರ್ಷ ಮೊದಲು. ಇವೆಲ್ಲ ಸಂಸ್ಥಾನದ ಸರ್ಕಾರಿ ಅಂಚೆಗಳು, ಖಾಸಗಿಯಲ್ಲ.

ಹಾಗಾದರೆ ನಮ್ಮಲ್ಲಿ ಖಾಸಗಿ ಅಂಚೆ ಇರಲಿಲ್ಲವಾ? ಧಾರಾಳವಾಗಿ ಇತ್ತು. ಸ್ಟಾಂಪ್ ಇರಲಿಲ್ಲ, ಅಷ್ಟೇ. ಕೋಲಾರ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೈಗೆ ಕವರ್ ಕೊಟ್ಟು, "ಅಣ್ಣಾ, ಚಿಂತಾಮಣೀಲಿ ನಮ್ಮ ಹುಡುಗ ಬಂದು ಇಸ್ಕೊಳ್ತಾನೆ," ಅಂದು, ಟೀ ಕಾಸು ಕೈಗಿಡುವುದನ್ನು ನೋಡದವರು ಯಾರು? 1898ರ ಅಂಚೆ ಕಾಯ್ದೆ ಪ್ರಕಾರ ಇದು ಅಪರಾಧವಾಗಿತ್ತು. ಕಾಗದ ಸಾಗಿಸುವ ಹಕ್ಕು ಸರ್ಕಾರಕ್ಕೆ ಮಾತ್ರ ಅಂತ ಅದರ 4ನೇ ಕಲಮು ಹೇಳುತ್ತಿತ್ತು. ಕೂಲಿ ಇಲ್ಲದೆ ದಾರಿಯಲ್ಲಿ ಹೋಗುವ ಸ್ನೇಹಿತ ಒಯ್ಯಬಹುದಿತ್ತು. ಸ್ವಂತ ಕೆಲಸಕ್ಕೆ ಆಳನ್ನು ಕಳಿಸಬಹುದಿತ್ತು. ಸರಕಿನ ಜೊತೆ ಸರಕಿನದೇ ಕಾಗದ ಹೋಗಬಹುದಿತ್ತು. ಟೊಮ್ಯಾಟೊ ಲಾರಿ ಡ್ರೈವರ್ ಹತ್ತಿರ ಮಂಡಿಯವರು ಕೊಡುವ ಬಿಲ್ಲು ಈ ಮೂರನೆಯದು. ಆದರೆ ಪ್ರಯಾಣಿಕರನ್ನು ಸಾಗಿಸುವವರು, ಅವರ ನೌಕರರು ಬೇರೆ ಕಾಗದ ಒಯ್ಯಕೂಡದು ಅಂತ 5ನೇ ಕಲಮು ಬೇರೆ ಇತ್ತು. ಒಂದೊಂದು ಕಾಗದಕ್ಕೂ 50 ರೂಪಾಯಿವರೆಗೆ ದಂಡವಿತ್ತು. ಹಾಗೆ ನೋಡಿದರೆ ನಮ್ಮ ಕಂಡಕ್ಟರ್‌ಗಳ ಬಾಕಿ ಎಷ್ಟಾಗಬಹುದು ಅಂತ ಲೆಕ್ಕ ಹಾಕಲು ನಾನು ಹೋಗಿಲ್ಲ.

ಕೊರಿಯರ್‌ನವರ ರಶೀದಿ ತೆಗೆದು ನೋಡಿ. 'ಡಾಕ್ಸ್', 'ನಾನ್-ಡಾಕ್ಸ್' ಅಂತ ಎರಡು ಚೌಕ ಇರುತ್ತದೆ. 'ಲೆಟರ್' ಎಂಬ ಮಾತು ಕಾಣುವುದು ಅಪರೂಪ. ಕಾನೂನು ತಡೆದದ್ದು ಲೆಟರ್ ಅನ್ನು, ಡಾಕ್ಯುಮೆಂಟ್ ಅನ್ನಲ್ಲ, ಅಲ್ವಾ? ಇಂಥ ಪರಿಸ್ಥಿತಿಯಲ್ಲಿ ಯಾವ ಕೊರಿಯರ್ ತಾನೇ ಸ್ಟಾಂಪ್ ಅಚ್ಚು ಹಾಕಿಸಿ ನಾವು ಅಂಚೆಯವರು ಅಂತ ಸಾರುತ್ತಾನೆ?

ಈಗ ಆ ಕಾಯ್ದೆ ಹೋಗಿದೆ. 2023ರ ಹೊಸ ಅಂಚೆ ಕಚೇರಿ ಕಾಯ್ದೆ 2024ರ ಜೂನ್ 18ರಿಂದ ಜಾರಿಯಲ್ಲಿದೆ. ಕಾಗದ ಹೊರುವ ಏಕಸ್ವಾಮ್ಯದ ಮಾತು ಅದರಲ್ಲಿಲ್ಲ. ಆದರೆ ಅಂಚೆ ಚೀಟಿ ಹೊರಡಿಸುವ ಹಕ್ಕು ಅಂಚೆ ಇಲಾಖೆಗೆ ಮಾತ್ರ ಅಂತ ಉಳಿಸಿಕೊಂಡಿದ್ದಾರೆ. ಹೊರುವುದಕ್ಕೆ ಎಲ್ಲರಿಗೂ ಬಿಟ್ಟು, ಚೀಟಿಯನ್ನು ಮಾತ್ರ ಕೈಯಲ್ಲೇ ಇಟ್ಟುಕೊಂಡಿದ್ದು ನನಗೆ ಸ್ವಲ್ಪ ತಮಾಷೆಯಾಗಿ ಕಾಣುತ್ತದೆ. ಮದುವೆಗೆ ಹುಡುಗ ಹುಡುಗಿಯ ಫೋಟೋ ಹಾಕಿಸುವ 'ಮೈ ಸ್ಟಾಂಪ್' ಖಾಸಗಿ ಸ್ಟಾಂಪಾ ಅಂತ ಕೇಳುತ್ತಾರೆ. ಅಲ್ಲ, ಅದು ಇಲಾಖೆಯದೇ ಸ್ಟಾಂಪು. ಪಕ್ಕದಲ್ಲಿ ನಿಮ್ಮ ಫೋಟೋ, ಅಷ್ಟೇ.

ಆದ್ದರಿಂದ ನಮ್ಮ ಕಡೆಯ ಖಾಸಗಿ ಅಂಚೆಯನ್ನು ಕೂಡಿಡಬೇಕು ಅನ್ನುವವರಿಗೆ ಸಿಗುವುದು ಸ್ಟಾಂಪಲ್ಲ, ಕವರು. ಕೊರಿಯರ್ ಚೀಟಿ ಕಿತ್ತಿಡಬೇಡಿ, ಕವರ್ ಸಮೇತ ಇಡಿ. ಥರ್ಮಲ್ ರಶೀದಿ ಕೆಲವೇ ವರ್ಷಕ್ಕೆ ಬಿಳಿಚಿಕೊಳ್ಳುತ್ತದೆ, ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಸೆಲ್ಲೋಟೇಪ್ ಹಚ್ಚಬೇಡಿ, ಪಿ.ವಿ.ಸಿ. ಕವರಿನೊಳಗೆ ತುರುಕಬೇಡಿ, ಎರಡೂ ಕಾಗದಕ್ಕೆ ಕಲೆ ಬರಿಸುತ್ತವೆ. 'ಬೆಳಗಿನ ಬಸ್ಸು, ಚಿಂತಾಮಣಿ, ಹುಡುಗ ಬರುತ್ತಾನೆ' ಅಂತ ಪೆನ್ನಲ್ಲಿ ಗೀಚಿದ ಕಂದು ಕವರ್ ಕಂಡರೆ ನಾನು ಕೇಳಿ ಇಸ್ಕೊಳ್ಳುತ್ತೇನೆ. ಕೊಡುವವರು ನಗುತ್ತಾರೆ. ಅದಕ್ಕೆ ಇವತ್ತಿನ ಮಾರುಕಟ್ಟೆಯಲ್ಲಿ ಹತ್ತು ರೂಪಾಯಿಯೂ ಹುಟ್ಟುವುದಿಲ್ಲ.