ಸರ್ಕಾರಿ ವಕೀಲರೂ ಪರಿಸರ ಕಾನೂನೂ: ಒಂದು ಬಾಟಲಿ ನೀರಿನಿಂದ ಶುರು

ಬೆಳಗಾವಿಯಲ್ಲಿ ನನ್ನ ಜೊತೆ ಕಾನೂನು ಓದುವವರು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ: ಪರಿಸರ ಕಾನೂನು ಓದಿದರೆ ಸರ್ಕಾರಿ ವಕೀಲರಿಗೆ ಕೆಲಸ ಏನಿರುತ್ತದೆ? ಉತ್ತರವನ್ನು ಹಳ್ಳದಿಂದಲೇ ಶುರು ಮಾಡೋಣ.

ಕಬ್ಬು ನುರಿಸುವ ಹಂಗಾಮು. ಹಳ್ಳದಲ್ಲಿ ಕಾಕಂಬಿ ಬಣ್ಣದ ನೀರು ಹರಿಯುತ್ತಿದೆ ಅಂತ ರೈತರು ದೂರು ಕೊಟ್ಟರು ಅಂದುಕೊಳ್ಳಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ಬಂದು ಕಾರ್ಖಾನೆಯ ಕೊಳವೆಯಿಂದ ಸುಮ್ನೆ ಒಂದು ಬಾಟಲಿ ತುಂಬಿಕೊಂಡು ಹೋದರೆ ಸಾಲದು. 1974ರ ಜಲ ಕಾಯ್ದೆಯ 21ನೇ ಕಲಂ ಓದಿ. ನೀರು ಪರೀಕ್ಷೆಗೆ ಹೋಗುತ್ತದೆ ಅಂತ ಕಾರ್ಖಾನೆಯವರಿಗೆ ಅಲ್ಲೇ ನೋಟಿಸ್ ಕೊಡಬೇಕು. ಮಾದರಿಯನ್ನು ಎರಡು ಭಾಗ ಮಾಡಬೇಕು. ಎರಡಕ್ಕೂ ಗುರುತು ಹಾಕಿ, ಸೀಲು ಮಾಡಿ, ಇಬ್ಬರೂ ಸಹಿ ಮಾಡಬೇಕು. ಈ ಕ್ರಮ ತಪ್ಪಿದರೆ ಪ್ರಯೋಗಾಲಯದ ವರದಿ ಸಾಕ್ಷ್ಯವಾಗಿ ನಿಲ್ಲುವುದಿಲ್ಲ.

ನಾನು ಇಂಟರ್ನ್ ಆಗಿದ್ದಾಗ ಹಿರಿಯ ವಕೀಲರೊಬ್ಬರು ಹಳೆಯ ಫೈಲು ತೆಗೆದು ತೋರಿಸಿದರು. ವರದಿಯ ಅಂಕಿಗಳೆಲ್ಲ ಕಾರ್ಖಾನೆಯ ವಿರುದ್ಧವೇ ಇದ್ದವು. ಆದರೆ ಸೀಲಿನ ಚೀಟಿಯ ಮೇಲೆ ಒಂದೇ ಸಹಿ. "ಇನ್ನೊಂದು ಸಹಿ ಇಲ್ಲಂದ್ರ ಇದು ಬರೀ ಕಾಗದ ನೋಡ ತಮ್ಮಾ" ಅಂದರು. ಆ ಹಳ್ಳದ ದಂಡೆಯಲ್ಲಿ ಬಾವಿ ಇದ್ದವರ ಗತಿ ಏನಾಯ್ತೋ ಅಂತ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಈಗ ಅಂತಾರಾಷ್ಟ್ರೀಯ ನೀತಿಗೆ ಬರೋಣ. ಅದು ಎಲ್ಲೋ ದೂರದ್ದು ಅನಿಸುತ್ತದೆ, ಅಲ್ವಾ? 1972ರ ಜೂನ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ನಡೆಯಿತು. ಇಂದಿರಾ ಗಾಂಧಿ ಅಲ್ಲಿ ಭಾಷಣ ಮಾಡಿದರು. ನೀರು ರಾಜ್ಯ ಪಟ್ಟಿಯ ವಿಷಯ, ಅಂದರೆ ಅದರ ಮೇಲೆ ಕಾನೂನು ಮಾಡುವುದು ರಾಜ್ಯಗಳ ಅಧಿಕಾರ. ಹಾಗಾಗಿ ಸಂಸತ್ತಿನ ಜಲ ಕಾಯ್ದೆಗೆ ರಾಜ್ಯಗಳ ನಿರ್ಣಯ ಬೇಕಾಯಿತು. ಅದು ಸಂವಿಧಾನದ 252ನೇ ವಿಧಿಯ ದಾರಿ. 1981ರ ವಾಯು ಕಾಯ್ದೆ ಮತ್ತು 1986ರ ಪರಿಸರ ಸಂರಕ್ಷಣಾ ಕಾಯ್ದೆ ಬಂದದ್ದು 253ನೇ ವಿಧಿಯಿಂದ. ವಿದೇಶದಲ್ಲಿ ಒಪ್ಪಿಕೊಂಡದ್ದನ್ನು ಜಾರಿಗೆ ತರಲು ಸಂಸತ್ತು ಇಡೀ ದೇಶಕ್ಕೆ ಕಾನೂನು ಮಾಡಬಹುದು ಅನ್ನುವ ವಿಧಿ ಅದು. ಈ ಎರಡೂ ಕಾಯ್ದೆಗಳ ಪೀಠಿಕೆಯಲ್ಲೇ ಸ್ಟಾಕ್‌ಹೋಮ್ ಹೆಸರಿದೆ. ಮೊದಲ ಪುಟ ಬಿಟ್ಟು ಓದುವವರಿಗೆ ಇದು ಸಿಗುವುದೇ ಇಲ್ಲ.

ಪರಿಸರದ ಪ್ರಕರಣಗಳಿಗೆಂದೇ ಇರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ 2010ರ ಕಾಯ್ದೆಯ ಪೀಠಿಕೆಯಲ್ಲಿ 1992ರ ರಿಯೊ ಪರಿಸರ ಸಮ್ಮೇಳನವೂ ಸೇರಿದೆ. ಮಾಲಿನ್ಯ ಮಾಡಿದವನೇ ಖರ್ಚು ಭರಿಸಬೇಕು ಅನ್ನುವ ತತ್ವವನ್ನು ಸುಪ್ರೀಂ ಕೋರ್ಟ್ 1996ರ ವೆಲ್ಲೂರು ಚರ್ಮ ಹದ ಮಾಡುವ ಘಟಕಗಳ ತೀರ್ಪಿನಲ್ಲಿ ನಮ್ಮ ಕಾನೂನಿನ ಭಾಗ ಅಂದಿತು. ಈಗ ಅದು ಹಸಿರು ನ್ಯಾಯಮಂಡಳಿ ಕಾಯ್ದೆಯ 20ನೇ ಕಲಂನಲ್ಲೇ ಇದೆ. ನಮ್ಮ ಕಡೆಯ ಪ್ರಕರಣಗಳು ಹೋಗುವುದು ಚೆನ್ನೈ ಪೀಠಕ್ಕೆ. ಅಲ್ಲಿ ನ್ಯಾಯಾಂಗದ ಸದಸ್ಯರ ಪಕ್ಕದಲ್ಲಿ ತಜ್ಞ ಸದಸ್ಯರೂ ಕೂತಿರುತ್ತಾರೆ. ವಕೀಲರಿಗೆ ವರದಿಯ ಅಂಕಿ ಓದಲು ಬರದಿದ್ದರೆ ಮೊದಲ ಪ್ರಶ್ನೆಗೇ ಗೊತ್ತಾಗುತ್ತದೆ.

ಒಪ್ಪಂದದ ಮೇಜಿನಲ್ಲೂ ಸೀಲು ಚೀಟಿಯಂಥದ್ದೇ ಕೆಲಸ. 2015ರ ಡಿಸೆಂಬರ್ 12, ಪ್ಯಾರಿಸ್ ಹವಾಮಾನ ಒಪ್ಪಂದದ ದಿನ. ಕೊನೆಯ ಕರಡಿನ 4.4ನೇ ವಿಧಿಯಲ್ಲಿ ಶ್ರೀಮಂತ ದೇಶಗಳು ಹೊಗೆ ಇಳಿಸುವ ವಿಷಯಕ್ಕೆ 'ಶಲ್' ಅಂತ ಇತ್ತು. ಅಂದರೆ ಮಾಡಲೇಬೇಕು. ಅಮೆರಿಕ ಒಪ್ಪಲಿಲ್ಲ. ಕೊನೆಗೆ ಅದನ್ನು ಬರಹದ ತಪ್ಪು ಅಂತ ಓದಿ 'ಶುಡ್' ಮಾಡಿದರು. ಮಾಡುವುದು ಒಳ್ಳೆಯದು ಅನ್ನುವಷ್ಟಕ್ಕೆ ಇಳಿಯಿತು. ನನಗೆ ಇದು ಅನ್ಯಾಯ ಅಂತಲೇ ಅನಿಸುತ್ತದೆ. ಇಂಥ ಒಂದೊಂದು ಪದ ಕಾಯುವುದೇ ಅಲ್ಲಿ ಸರ್ಕಾರಿ ವಕೀಲರ ಕೆಲಸ.

ಆ ಕೆಲಸಕ್ಕೆ ವಿದೇಶಾಂಗ ಸಚಿವಾಲಯದಲ್ಲಿ ಕಾನೂನು ಮತ್ತು ಒಪ್ಪಂದಗಳ ವಿಭಾಗವಿದೆ. ಅದನ್ನು ನಡೆಸಿದ ಮೊದಲ ಮಹಿಳೆ ನೀರು ಚಡ್ಡಾ. 2017ರಲ್ಲಿ ಅವರು ಹ್ಯಾಂಬರ್ಗ್‌ನ ಅಂತಾರಾಷ್ಟ್ರೀಯ ಸಮುದ್ರ ಕಾನೂನು ನ್ಯಾಯಮಂಡಳಿಗೆ ಆಯ್ಕೆಯಾದರು. 2024ರ ಮೇ 21ರಂದು ಆ ನ್ಯಾಯಮಂಡಳಿ, ಮನುಷ್ಯರಿಂದ ಬರುವ ಹಸಿರುಮನೆ ಅನಿಲಗಳೂ ಸಮುದ್ರ ಮಾಲಿನ್ಯವೇ ಅಂತ ಅಭಿಪ್ರಾಯ ಕೊಟ್ಟಿತು.

ರಾಜ್ಯದ ದಾರಿ ಬೇರೆ. ಪದವಿ, ಸನದು ಅಂದರೆ ವಕೀಲಿ ಪರವಾನಗಿ, ಆಮೇಲೆ ಪರೀಕ್ಷೆ ಬರೆದು ಸಹಾಯಕ ಸರ್ಕಾರಿ ಅಭಿಯೋಜಕರಾಗಬಹುದು, ಅಂದರೆ ಸರ್ಕಾರದ ಪರ ಕ್ರಿಮಿನಲ್ ಪ್ರಕರಣ ನಡೆಸುವವರು. ವಕೀಲಿ ಮಾಡುತ್ತಾ ಹೆಸರು ಬಂದರೆ ಹೈಕೋರ್ಟಿನಲ್ಲಿ ಸರ್ಕಾರದ ಪರ ನಿಲ್ಲಬಹುದು. ಬೆಳಗಾವಿ, ಬಾಗಲಕೋಟೆಗೆ ಧಾರವಾಡ ಪೀಠ, ವಿಜಯಪುರಕ್ಕೆ ಕಲಬುರಗಿ ಪೀಠ. ಮಾಲಿನ್ಯ ಮಂಡಳಿ ತನ್ನ ವಕೀಲರನ್ನು ತಾನೇ ನೇಮಿಸಿಕೊಳ್ಳುತ್ತದೆ.

ಮಹದಾಯಿ ನದಿಯ ವಿವಾದವನ್ನೂ ಇದೇ ಕಣ್ಣಿನಿಂದ ನೋಡಿ. ಜಲ ವಿವಾದ ನ್ಯಾಯಮಂಡಳಿಯ 2018ರ ಆಗಸ್ಟ್ 14ರ ತೀರ್ಪಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಸಿಕ್ಕಿತು. ಅದರಲ್ಲಿ ಕಳಸಾ-ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಲು 3.9. ನೀರಿನ ಲೆಕ್ಕ ಗೆದ್ದ ಮೇಲೂ ಖಾನಾಪುರದ ಕಾಡಿಗೆ ಅರಣ್ಯ ಮತ್ತು ವನ್ಯಜೀವಿ ಕಾನೂನಿನ ಒಪ್ಪಿಗೆ ಬೇರೆಯೇ ಬೇಕು. ಒಂದೇ ಸರ್ಕಾರದ ವಕೀಲರು ಬಾಯಾರಿದ ಊರುಗಳ ಮಾತನ್ನೂ ಹೇಳಬೇಕು, ಕಾಡಿನ ಕಾನೂನಿಗೂ ಉತ್ತರ ಕೊಡಬೇಕು. ಈ ವಿಷಯದಲ್ಲಿ ಇದಕ್ಕಿಂತ ಕಷ್ಟದ ಪಾಠ ನಮ್ಮ ಜಿಲ್ಲೆಯಲ್ಲಿ ನನಗೆ ಕಂಡಿಲ್ಲ.

ಮುಂದಿನ ಸಲ ಕೂತಾಗ ಒಂದು ಪ್ರಶ್ನೆ ಬಿಡಿಸೋಣ. ನೋಟಿಸ್ ಕೊಟ್ಟ ಕೂಡಲೇ ಕಾರ್ಖಾನೆಯವರು ಬೇಕಂತಲೇ ಅಲ್ಲಿಂದ ಹೋಗಿಬಿಟ್ಟರೆ ಸಹಿ ಯಾರದು? ಉತ್ತರ 21ನೇ ಕಲಂನ 4ನೇ ಉಪಕಲಂನಲ್ಲಿದೆ. ಅಧಿಕಾರಿ ತಾನೇ ಸೀಲು ಮಾಡಿ ಸಹಿ ಹಾಕಿ ಕಳಿಸಬಹುದು. ಅವರು ಬೇಕಂತಲೇ ಇರಲಿಲ್ಲ ಅನ್ನುವುದನ್ನು ವಿಶ್ಲೇಷಕರಿಗೆ ಬರವಣಿಗೆಯಲ್ಲಿ ತಿಳಿಸಬೇಕು.