ಕಾರಿನ ಇಂಟರ್‌ಕೂಲರಿಗೆ ದೊಡ್ಡ ಪಂಪು ಹಾಕಿದರೆ ಗಾಳಿ ತಣ್ಣಗಾದೀತೆ?

ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. 2001ರಲ್ಲಿ ಗಣಿ ಮುಚ್ಚುವವರೆಗೂ ಅಲ್ಲಿ ಇಳಿದವರಿಗೆ ಚಿನ್ನಕ್ಕಿಂತ ಮೊದಲು ಸಿಗುತ್ತಿದ್ದುದು ಸೆಕೆ. ತಳದ ಬಂಡೆಯೇ 60 ಡಿಗ್ರಿ ದಾಟಿ ಕಾಯುತ್ತಿತ್ತು. ಅದು ಸಾಲದೆಂಬಂತೆ, ಉಸಿರಾಡಲು ಮೇಲಿಂದ ಬಿಟ್ಟ ಗಾಳಿ ಇಳಿಯುತ್ತಾ ಹೋದಂತೆ ತನ್ನ ಮೇಲಿನ ಗಾಳಿಯ ಭಾರಕ್ಕೆ ಒತ್ತಿಕೊಂಡು ಬಿಸಿಯಾಗುತ್ತಿತ್ತು. ಒಣಗಾಳಿಯಾದರೆ ಕಿಲೋಮೀಟರಿಗೆ ಹತ್ತಿರಹತ್ತಿರ 10 ಡಿಗ್ರಿ! ಬೆಂಕಿ ಬೇಡ, ಬಂಡೆಯನ್ನು ಸೋಕುವುದೂ ಬೇಡ, ಒತ್ತಡವೊಂದೇ ಸಾಕು. ಕೊನೆಗೆ ಯಂತ್ರ ಕೂರಿಸಿ ಗಾಳಿಯನ್ನು ತಣ್ಣಗೆ ಮಾಡಿ ಕೆಳಗೆ ಕಳಿಸಬೇಕಾಯಿತು.

ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ಕೋಲಾರದ ಹೆದ್ದಾರಿಗೆ ಬಂದು ಗುಡುಗುವ ಸೂಪರ್‌ಚಾರ್ಜರ್ ಕಾರುಗಳಿಗೂ ಇದೇ ಪೀಡೆ. ಸೂಪರ್‌ಚಾರ್ಜರ್ ಎಂದರೆ ಎಂಜಿನ್ ತನ್ನದೇ ಬೆಲ್ಟಿನಿಂದ ತಿರುಗಿಸುವ ಗಾಳಿಯಂತ್ರ. ಸಿಲಿಂಡರಿಗೆ ತಾನಾಗಿ ನುಗ್ಗುವುದಕ್ಕಿಂತ ಹೆಚ್ಚು ಗಾಳಿಯನ್ನು ಅದು ಒತ್ತಿ ತುಂಬುತ್ತದೆ. ಹೆಚ್ಚು ಗಾಳಿ ಇದ್ದರೆ ಹೆಚ್ಚು ಪೆಟ್ರೋಲ್ ಉರಿಸಬಹುದು. ಆದರೆ ಒತ್ತಡವನ್ನು 1.7 ಪಟ್ಟು ಏರಿಸಿದರೆ, ಏಪ್ರಿಲ್ ಮಧ್ಯಾಹ್ನದ 35 ಡಿಗ್ರಿ ಗಾಳಿ ಲೆಕ್ಕದ ಪ್ರಕಾರವೇ 85 ಡಿಗ್ರಿ ಮುಟ್ಟುತ್ತದೆ. ಯಾವ ಯಂತ್ರವೂ ಲೆಕ್ಕದಷ್ಟು ಚೊಕ್ಕವಾಗಿ ಒತ್ತುವುದಿಲ್ಲವಾದ್ದರಿಂದ ನಿಜದಲ್ಲಿ 110 ದಾಟುವುದು ಸಹಜ. ಬಿಸಿ ಗಾಳಿ ಹಿಗ್ಗಿ ತೆಳುವಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ಪೆಟ್ರೋಲ್ ಹೊತ್ತಿಗೆ ಮೊದಲೇ ಸಿಡಿದು ನಾಕಿಂಗ್, ಅಂದರೆ ಎಂಜಿನ್ನಿನೊಳಗೆ ಟಕಟಕ ಬಡಿತ, ಶುರುವಾಗುತ್ತದೆ. ಅದನ್ನು ತಪ್ಪಿಸಲು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಸ್ಪಾರ್ಕನ್ನು ತಡಮಾಡುತ್ತದೆ, ಕಾರು ಸುಸ್ತಾದಂತೆ ಓಡುತ್ತದೆ.

ಇಂಟರ್‌ಕೂಲರ್ ಇರುವುದು ಇದಕ್ಕೇ. ಇಂಥ ಬಹಳಷ್ಟು ಕಾರುಗಳಲ್ಲಿ ಗಾಳಿಯ ಬಿಸಿಯನ್ನು ನೀರು ಹೀರುತ್ತದೆ, ಆ ನೀರು ಮುಂಭಾಗದ ಪುಟ್ಟ ರೇಡಿಯೇಟರಿಗೆ ಹೋಗಿ ಬಿಸಿ ಇಳಿಸಿ ಬರುತ್ತದೆ. ನೀರನ್ನು ಸುತ್ತಿಸುವುದು ಒಂದು ಸಣ್ಣ 12 ವೋಲ್ಟ್ ಪಂಪು. 113 ಡಿಗ್ರಿ ಗಾಳಿಯನ್ನು 55ಕ್ಕೆ ಇಳಿಸಿದರೆ ಅದೇ ಒತ್ತಡದಲ್ಲಿ ಸುಮಾರು ಶೇ. 18ರಷ್ಟು ಹೆಚ್ಚು ಗಾಳಿ ಹಿಡಿಸುತ್ತದೆ. ಲಾಭ ಇಷ್ಟಿರುವುದರಿಂದಲೇ ಪಂಪಿನ ಮೇಲೆ ಎಲ್ಲರ ಕಣ್ಣು. ಮರ್ಸಿಡಿಸ್ ಇ55 ಎಎಂಜಿಯ 5.4 ಲೀಟರ್ ವಿ8 ಇಟ್ಟುಕೊಂಡವರಲ್ಲಿ ಪಂಪು ಬದಲಿಸುವುದು ಹಳೆಯ ಚಾಳಿ. 2003ರ ಮಸ್ಟಾಂಗ್ ಕೋಬ್ರಾದಲ್ಲಿ ಬರುತ್ತಿದ್ದ ಬಾಷ್ ಪಂಪನ್ನು ತಂದು ಇದಕ್ಕೆ ಕೂರಿಸಿದವರು ಬೇಕಾದಷ್ಟು ಜನ.

ಬದಲಿಸಿದರೆ ಎಷ್ಟು ಸಿಗುತ್ತದೆ? 450 ಅಶ್ವಶಕ್ತಿಯ ಎಂಜಿನ್ ಪೂರ್ತಿ ದಮ್ಮಿನಲ್ಲಿ ಸೆಕೆಂಡಿಗೆ ಸುಮಾರು 350 ಗ್ರಾಂ ಗಾಳಿ ಎಳೆಯುತ್ತದೆ. ಅದನ್ನು 58 ಡಿಗ್ರಿ ತಣಿಸಬೇಕಾದರೆ ನೀರಿಗೆ 20 ಕಿಲೋವ್ಯಾಟ್ ಬಿಸಿ ಸೇರುತ್ತದೆ. ನೀರು ನಿಮಿಷಕ್ಕೆ 10 ಲೀಟರ್ ಹರಿದರೆ ಇಂಟರ್‌ಕೂಲರ್ ದಾಟುವಷ್ಟರಲ್ಲಿ ಅದು 29 ಡಿಗ್ರಿ ಏರಿರುತ್ತದೆ. 20 ಲೀಟರ್ ಹರಿದರೆ 14, 40 ಲೀಟರ್ ಹರಿದರೆ 7. ಮೊದಲ ಸಲ ಹರಿವು ದುಪ್ಪಟ್ಟಾದಾಗ 15 ಡಿಗ್ರಿ ತಗ್ಗಿತು, ಎರಡನೇ ಸಲ ಬರೀ 7. ಇನ್ನೂ ಒಮ್ಮೆ ದುಪ್ಪಟ್ಟು ಮಾಡಿದರೆ ಸಿಗುವುದು ಮೂರೂವರೆ ಡಿಗ್ರಿ.

ಹರಿವನ್ನು ದುಪ್ಪಟ್ಟು ಮಾಡುವುದಾದರೂ ಸುಲಭವೇ? ಅದೇ ಪೈಪಿನಲ್ಲಿ ಎರಡರಷ್ಟು ನೀರು ತಳ್ಳಲು ಸರಿಸುಮಾರು ನಾಲ್ಕರಷ್ಟು ಒತ್ತಡ, ಎಂಟರಷ್ಟು ಶಕ್ತಿ ಬೇಕು. ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ ಲೀಟರ್ ಸಾಮಾನ್ಯವಾಗಿ ಯಾವ ಅಡ್ಡಿಯೂ ಇಲ್ಲದೆ ಬಿಟ್ಟಾಗಿನದು. ಅದು ಇಂಟರ್‌ಕೂಲರಿನ ಸಣ್ಣ ಸಂದುಗಳಲ್ಲಿ ನುಸುಳುವಾಗಿನ ಲೀಟರ್ ಎಂದು ನಂಬಬೇಡಿ.

ಗ್ಯಾರೇಜುಗಳಲ್ಲಿ ದೊಡ್ಡ ಪಂಪಿನ ವಿರುದ್ಧ ಇನ್ನೊಂದು ವಾದ ಕೇಳಿಬರುತ್ತದೆ: "ನೀರು ಅಷ್ಟು ಸ್ಪೀಡಾಗಿ ಓಡಿಬಿಟ್ರೆ ಬಿಸಿ ಹಿಡ್ಕೊಳೋಕೆ ಟೈಮೇ ಸಿಗಲ್ಲ ಸಾರ್." ಕೇಳಲು ಸರಿ ಅನ್ನಿಸುತ್ತದೆ, ಆದರೆ ತಪ್ಪು. ಒಂದೊಂದು ಹನಿ ಕಡಿಮೆ ಬಿಸಿ ಹಿಡಿಯುತ್ತದೆ, ನಿಜ. ಆದರೆ ಅಷ್ಟೇ ಹೊತ್ತಿನಲ್ಲಿ ಹಾದುಹೋಗುವ ಹನಿಗಳು ಹೆಚ್ಚು, ಅವುಗಳ ಸರಾಸರಿ ಬಿಸಿ ಕಡಿಮೆ. ಬಿಸಿ ಹರಿಯುವುದು ಗಾಳಿಗೂ ನೀರಿಗೂ ಇರುವ ಅಂತರದಿಂದ. ನೀರು ತಣ್ಣಗಿದ್ದಷ್ಟೂ ಅಂತರ ಹೆಚ್ಚು. ಜೊತೆಗೆ ವೇಗದ ನೀರು ಪೈಪಿನೊಳಗೆ ಸುಳಿಸುಳಿಯಾಗಿ ಗೋಡೆಯನ್ನು ಚೆನ್ನಾಗಿ ತೊಳೆಯುತ್ತದೆ.

ದೊಡ್ಡ ಪಂಪು ಸೋಲುವ ಜಾಗ ರೇಡಿಯೇಟರ್. ಕೋಲಾರದ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ: ಒಂದಿಂಚು ನೀರಿರುವ ಬೋರಿಗೆ ಹದಿನೈದು ಎಚ್‌ಪಿ ಮೋಟಾರು ಇಳಿಸಿದರೆ ಬರುವುದು ಅದೇ ಒಂದಿಂಚು. ರೇಡಿಯೇಟರ್ ಗಾಳಿಗೆ ಬಿಟ್ಟುಕೊಡುವಷ್ಟೇ ಬಿಸಿ ಹೊರಗೆ ಹೋಗುವುದು. ಹಾಗಾಗಿ ದುಡ್ಡು ಹಾಕುವ ಮೊದಲು ಇಂಟರ್‌ಕೂಲರಿಗೆ ಹೋಗುವ, ಅಲ್ಲಿಂದ ಬರುವ ಎರಡೂ ಹೋಸ್‌ಗಳ ಬಿಸಿ ಅಳೆದುಕೊಳ್ಳುವುದು ಒಳ್ಳೆಯದು. ಕಾರನ್ನು ಜೋರಾಗಿ ದುಡಿಸಿದಾಗ ಇವೆರಡರ ಅಂತರ ದೊಡ್ಡದಿದ್ದರೆ ಹರಿವು ಸಾಲದು, ಪಂಪು ಬದಲಿಸಿ. ಅಂತರ ಸಣ್ಣದಾಗಿ ಎರಡೂ ಸುಡುತ್ತಿದ್ದರೆ ರೇಡಿಯೇಟರ್ ಸಣ್ಣದು, ಇಲ್ಲವೇ ಅದರ ರೆಕ್ಕೆಗಳಲ್ಲಿ ಧೂಳು, ಹುಳ ತುಂಬಿವೆ. ಹೊಸ ಪಂಪು ಹೆಚ್ಚು ಕರೆಂಟ್ ಎಳೆಯುವುದರಿಂದ ವೈರು, ಫ್ಯೂಸು, ರಿಲೇಗಳನ್ನೂ ನೋಡಬೇಕು. ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಪೂರ್ತಿ ಹೊರಬಿಡದಿದ್ದರೆ ಎಂಥ ಪಂಪೂ ಸುಮ್ಮನೆ ಗಿರಗಿರ ತಿರುಗುತ್ತದೆ.

"ಪಂಪು ಹಾಕಿದ ಮೇಲೆ ಕಾರೇ ಬೇರೆಯಾಯ್ತು" ಎನ್ನುವವರ ಮಾತನ್ನು ನಾನು ಸ್ವಲ್ಪ ಅನುಮಾನದಿಂದ ಕೇಳುತ್ತೇನೆ. ಈ ನೀರಿನ ಸುತ್ತು ಎಂಜಿನ್ ಕೂಲೆಂಟಿಗಿಂತ ಬೇರೆ; ಪಂಪು ಸತ್ತರೂ ಮೀಟರಿನ ಮುಳ್ಳು ಅಲುಗುವುದಿಲ್ಲ, ಹಳೆಯ ಕಾರುಗಳಲ್ಲಿ ಎಚ್ಚರಿಕೆಯ ದೀಪವೂ ಹತ್ತದಿರಬಹುದು. ತಿಂಗಳುಗಟ್ಟಲೆ ನಿಂತೇ ಹೋಗಿದ್ದ ಪಂಪಿನ ಜಾಗಕ್ಕೆ ಕಂಪನಿಯ ಮಾಮೂಲಿ ಪಂಪು ಹಾಕಿದರೂ ಕಾರು ಬೇರೆಯಾದಂತೆಯೇ ಅನ್ನಿಸುತ್ತದೆ. ಹಳೆಯದು ತಿರುಗುತ್ತಿದೆಯೇ ಎಂದು ತಿಳಿಯಲು ಎಂಜಿನ್ ಓಡುವಾಗ ಪಂಪಿನ ಮೈಗೆ ಕೈಯಿಟ್ಟು ಅದುರು ಇದೆಯೇ ನೋಡಬೇಕು, ಕನೆಕ್ಟರಿಗೆ 12 ವೋಲ್ಟ್ ಬರುತ್ತಿದೆಯೇ ಪರೀಕ್ಷಿಸಬೇಕು. ಕೆಲವು ಕಾರುಗಳಲ್ಲಿ ಗಾಳಿ ಬಿಸಿಯಾದ ಮೇಲಷ್ಟೇ ಪಂಪು ಶುರುವಾಗುತ್ತದೆ, ಹಾಗಾಗಿ ಒಂದಷ್ಟು ದೂರ ಓಡಿಸಿ ಬಂದೇ ನೋಡಬೇಕು.